ಹತ್ತರಲ್ಲಿ ಎಂಟು ಪಾಲು

ಮಲಪ್ರಭೆಯ ದಂಡೆಯ ಮೇಲೆ ಹಿರೇಕೊಪ್ಪ ಗುರುಗಳದೊಂದು ತಗಡಿನ ಶೆಡ್ಡು. ಕಾಂಕ್ರೀಟಿನ ಗುಣ ಅರಿಯಬೇಕೆಂದವರು ಅಲ್ಲಿಗೇ ಹೋಗುತ್ತಿದ್ದರು.

ಶಿಷ್ಯೆ ಶಾಂಭವಿ ಆ ದಿನ ಬಂದದ್ದು ಮಾತ್ರ ಜಗಳಕ್ಕೆ.

“ಒಂದು ವರ್ಷದ ದುಡಿಮೆ ಗುರುಗಳೇ! ಎರಡು ನಿಮಿಷ ನೋಡಿ, ಸಹಿ ಹಾಕದೆ ವಾಪಸು ಕಳಿಸಿದಿರಿ.”

ಹೆಣ್ಣುಮಕ್ಕಳ ಹಾಸ್ಟೆಲಿನ ಮೇಲೆ ಇನ್ನೂ ಎರಡು ಅಂತಸ್ತು ಏರಬೇಕಿತ್ತು. ಭಾರ ಹೊತ್ತು ನಿಂತ ಕಾಂಕ್ರೀಟು ದಿನದಿಂದ ದಿನಕ್ಕೆ ಕೂದಲೆಳೆಯಷ್ಟು ಕುಗ್ಗುತ್ತ ಹೋಗುತ್ತದೆ. ಕೆಳಗಿನ ಕಂಬಗಳು ಎಷ್ಟು ಕುಗ್ಗಿಯಾವು ಎಂದು ಅವಳು ಲೆಕ್ಕದ ಮಾದರಿ ಕಟ್ಟಿ ವರದಿ ಬರೆದಿದ್ದಳು.

“ಎಲ್ಲಿಯವರೆಗೆ ಅಳೆದೆ?” ಎಂದರು ಗುರುಗಳು.

“ಮುರಿಯುವ ಭಾರದ ಹತ್ತರಲ್ಲಿ ನಾಲ್ಕು ಪಾಲಿನವರೆಗೆ. ಭಾರ ಇಮ್ಮಡಿಯಾದರೆ ಕುಗ್ಗುವುದೂ ಇಮ್ಮಡಿ. ನಕ್ಷೆಯ ಗೆರೆ ನೂಲು ಹಿಡಿದ ಹಾಗೆ ನೇರ.”

“ಹಾಸ್ಟೆಲಿನ ಕಂಬದ ಮೇಲೆ ಬೀಳುವುದು?”

“ಎಂಟು ಪಾಲು. ಅದೇ ಗೆರೆಯನ್ನು ಮುಂದಕ್ಕೆ ಎಳೆದಿದ್ದೇನೆ. ಮುರಿಯುವುದಕ್ಕೆ ಇನ್ನೂ ಎರಡು ಪಾಲು ದೂರ ಇದೆಯಲ್ಲ!”

ಗುರುಗಳು ಮೂಲೆಯ ಕಬ್ಬಿಣದ ಚೌಕಟ್ಟನ್ನು ತೋರಿಸಿದರು. ಅದರೊಳಗೆ ಮೊಣಕಾಲೆತ್ತರದ ಕಾಂಕ್ರೀಟ್ ತುಂಡೊಂದು ಭಾರ ಹೊತ್ತು ನಿಂತಿತ್ತು.

“ಇದರ ಮೇಲೂ ಎಂಟೇ ಪಾಲು. ನಿನ್ನೆ ಹೊರಿಸಿದ್ದು. ಕೂತು ನೋಡು.”

ಶಾಂಭವಿ ಹಟದಿಂದಲೇ ಕೂತಳು. ಕುಗ್ಗಿದ್ದನ್ನು ತೋರಿಸುವ ಮುಳ್ಳು ಸಂಜೆಯ ಹೊತ್ತಿಗೆ ಅವಳ ಲೆಕ್ಕವನ್ನು ದಾಟಿತು. “ಮುಳ್ಳು ಸರಿ ಇಲ್ಲ,” ಎಂದು ಗೊಣಗಿದಳು.

ಮರುದಿನ ಅದು ಲೆಕ್ಕದ ಇಮ್ಮಡಿಗೆ ಹೋಯಿತು.

ಮೂರನೆಯ ಮಧ್ಯಾಹ್ನ ಮುಳ್ಳು ಓಡತೊಡಗಿತು. ತುಂಡಿನ ಉದ್ದಕ್ಕೂ ಸೀಳು ಬಿಟ್ಟಿತು. ಢಮ್ಮೆಂದು ಸಿಡಿದ ಚೂರುಗಳು ಅವಳ ಕಾಲಬುಡಕ್ಕೇ ಬಂದು ಬಿದ್ದವು.

“ಭಾರ ಹೆಚ್ಚಿಸಿದ್ದು ಯಾರು?” ಶಾಂಭವಿ ಸಿಟ್ಟಿನಿಂದ ಎದ್ದು ನಿಂತಳು.

“ಕಾವಲಿದ್ದವಳು ನೀನು. ನೀನೇ ಹೇಳು.”

ಯಾರೂ ಮುಟ್ಟಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ವರದಿ ಬಿಚ್ಚಿ, ನಾಲ್ಕು ಪಾಲಿನಾಚೆಗೆ ಎಳೆದಿದ್ದ ಗೆರೆಯನ್ನು ಕಾಗದ ಹರಿಯುವಷ್ಟು ಒತ್ತಿ ಹೊಡೆದುಹಾಕಿದಳು. ಆದರೂ ಒಳಗಿನ ಕುದಿ ಆರಲಿಲ್ಲ.

“ನಾಳೆ ಹಾಸ್ಟೆಲ್ ಟ್ರಸ್ಟಿನವರ ಸಭೆ. ವರದಿ ತಡವಾಯಿತೆಂದು ಮೊದಲೇ ನನ್ನ ಮೇಲೆ ಹಾರಾಡುತ್ತಿದ್ದಾರೆ. ನಾಲ್ಕು ಪಾಲಿನಾಚೆ ನಾನು ಅಳೆದೇ ಇಲ್ಲ ಅಂತ ಅಷ್ಟು ಜನರ ಮುಂದೆ ಹೇಗೆ ಹೇಳಲಿ? ಮಾನ ಹೋಗುತ್ತದೆ ಗುರುಗಳೇ.”

ಅವಳು ಕಂಡಂತೆ, ಗುರುಗಳು ದನಿ ಏರಿಸಿದ್ದು ಅದೇ ಮೊದಲು.

“ಹೋಗಲಿ! ನೀನು ಅಳೆಯದೆ ಬಿಟ್ಟದ್ದನ್ನು ಆ ಮಕ್ಕಳು ಅಳೆಯಬೇಕೇನು?”