ಕಿಂಡಿಯೊಳಗಿನ ಕೈ

ನಾಳೆಯ ಮಾತು ಆಮೇಲೆ, ಭುವಿ. ಮೊದಲು ಈ ಅಜ್ಜಿಯ ಕತೆ ಕೇಳು. ನಮ್ಮಜ್ಜಿಗೆ ಅವಳ ಅಜ್ಜಿ ಹೇಳಿದ್ದು ಇದು, ಅಷ್ಟು ಹಿಂದಿನ ಕಾಲದ್ದು. ಒಂದು ಊರಲ್ಲಿ ಸಿದ್ದಯ್ಯ ಅಂತ ಒಬ್ಬ ಬಳೆಗಾರ ಇದ್ದನಂತೆ, ಅವನಿಗೆ ತಿಪ್ಪಿ ಅಂತ ಒಬ್ಬಳೇ ಮಗಳು. ಹೆಗಲ ಮೇಲೆ ಬಳೆಯ ಮಲಾರ ಹೊತ್ತು ಊರೂರು ತಿರುಗುತ್ತಿದ್ದನಂತೆ. ಎಂಥಾ ಗಡಸು ಕೈಗಾದರೂ ಒಂದು ಬಳೆಯೂ ಒಡೆಯದ ಹಾಗೆ ತೊಡಿಸುತ್ತಿದ್ದನಂತೆ. ಹೇಗೆ ಗೊತ್ತಾ? ನಿನ್ನ ಕೈ ಕೊಡು. ಹೆಬ್ಬೆರಳನ್ನ ಹೀಗೆ ಅಂಗೈಯೊಳಗೆ ಮಡಚಿ, ಕಿರುಬೆರಳ ಬುಡ ಒತ್ತಿ, ಐದೂ ಬೆರಳನ್ನ ಬಾಳೆಮೊಗ್ಗಿನ ಹಾಗೆ ಕೂಡಿಸಿ. ನೋವಾಯ್ತಾ? ಇಲ್ಲ ತಾನೆ. ಹಾಗೆ.

ಕೈ ಮೃದು, ಸಿಟ್ಟು ಮಾತ್ರ ಕೆಟ್ಟದ್ದು. ಒಂದು ದಿನ ಸಂತೆಯಲ್ಲಿ ಯಾರೋ ಒಬ್ಬ, ಬಳೆ ತೊಡಿಸೋದೂ ಗಂಡಸು ಮಾಡೋ ಕೆಲಸವಾ ಅಂತ ನಕ್ಕನಂತೆ. ಸಿದ್ದಯ್ಯ ಕೈಯಲ್ಲಿದ್ದ ಕೋಲು ಬೀಸಿದ. ಆ ಮನುಷ್ಯನ ಒಂದು ಕಣ್ಣು ಹೋಯ್ತಂತೆ. ಹೌದು, ಸಿದ್ದಯ್ಯನೇ ಹೊಡೆದದ್ದು. ಸುಳ್ಳು ಯಾಕೆ ಹೇಳಲಿ.

ಆಮೇಲೆ ಮನೆಗೆ ಓಡಿಬಂದು ಕಣಜದ ಹಿಂದೆ ಅವಿತುಕೊಂಡನಂತೆ. ರಾಜನ ಭಟರು ಬಂದರು. ತಾಯಿ ನೀರಿಗೆ ಹೋಗಿದ್ದಳು, ಹೊಸಿಲ ಮೇಲೆ ತಿಪ್ಪಿ ಒಬ್ಬಳೇ. ನಿಮ್ಮಪ್ಪ ಎಲ್ಲಿ ಅಂದರಂತೆ. ಅವಳು ಬಾಯಿ ಬಿಡಲಿಲ್ಲ, ಕಣಜದ ಕಡೆ ಬೆರಳು ತೋರಿಸಿದಳಂತೆ. ಅಷ್ಟೇ. ಹಿಡಿದುಕೊಂಡು ಹೋದರು.

ಯಾಕೆ ಕೈ ಎಳೆದುಕೊಂಡೆ? ಚಳಿಯಾ? ಸರಿ, ಹೊದ್ದುಕೋ.

ಅವನನ್ನ ಕರಿಕಲ್ಲಿನ ಕೋಟೆಯಲ್ಲಿ ಕೂಡಿಹಾಕಿದರಂತೆ. ಆ ಕೋಟೆಯಲ್ಲಿ ಒಳಗಿದ್ದವರ ಮುಖವನ್ನ ಹೊರಗಿನವರು ನೋಡುವ ಹಾಗಿಲ್ಲ. ಗೋಡೆಯಲ್ಲಿ ಕಿಂಡಿಗಳು, ಮಕ್ಕಳ ಕೈ ಮಾತ್ರ ಹಿಡಿಸುವಷ್ಟು. ವರ್ಷಕ್ಕೊಂದು ದಿನ ಮನೆಯ ಮಗು ಬಂದು, ಕಿಂಡಿಯೊಳಗೆ ಕೈ ಹಾಕಿ, ಮುಟ್ಟಿಯೇ ಗುರುತು ಹಿಡಿದು, ಇವನು ನಮ್ಮವನು ಅನ್ನಬೇಕು. ಗುರುತು ತಪ್ಪಿದರೆ, ಇಲ್ಲಾ ಮೂರು ವರ್ಷ ಯಾರೂ ಬರದೇ ಹೋದರೆ, ಅವನನ್ನ ನೆಲಮಾಳಿಗೆಗೆ ಇಳಿಸಿಬಿಡುತ್ತಾರೆ. ಅಲ್ಲಿಗೆ ಇಳಿದವನ ಹೆಸರನ್ನ ಮತ್ತೆ ಯಾರೂ ಕೂಗುವುದಿಲ್ಲವಂತೆ.

ಮೊದಲ ವರ್ಷ ತಿಪ್ಪಿ ಹೊಟ್ಟೆನೋವು ಅಂದಳಂತೆ. ಎರಡನೇ ವರ್ಷ ಕಾಲಿಗೆ ಮುಳ್ಳು ಅಂದಳು. ಮೂರನೇ ವರ್ಷ ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. ಅವಳಿಗೆ ಕೋಟೆಯ ಭಯ ಇತ್ತು, ಆದರೆ ಅದಕ್ಕಿಂತ ದೊಡ್ಡದು ಇನ್ನೊಂದು ಇತ್ತು. ಅವಳು ಬೆರಳು ತೋರಿಸಿದ್ದನ್ನ ಅಪ್ಪ ಕಣಜದ ಸಂದಿಯಿಂದ ನೋಡಿದ್ದನಂತೆ. ಅವನು ನೋಡಿದ್ದನ್ನ ಅವಳೂ ನೋಡಿದ್ದಳಂತೆ. ಅದನ್ನ ತಾಯಿಗೂ ಹೇಳಿರಲಿಲ್ಲ.

ತಾಯಿ ಬುತ್ತಿ ಕಟ್ಟಿಕೊಟ್ಟು, ನನ್ನ ಕೈ ಅದರಲ್ಲಿ ಹಿಡಿಸಲ್ಲವಲ್ಲೇ, ಹಿಡಿಸಿದ್ದರೆ ನಿನ್ನನ್ನ ಯಾಕೆ ಕಳಿಸಲಿ ಅಂದಳಂತೆ. ಹೊರಟಳು. ದಾರಿಯಲ್ಲಿ ಬಟ್ಟೆ ಒಗೆಯುವವಳು ಸಿಕ್ಕಿ, ಕೋಟೆಗಾ ಪುಟ್ಟಿ, ಅಲ್ಲಿರೋರಿಗೆ ಮಾತೇ ಬಿದ್ದುಹೋಗಿರುತ್ತೆ ಕಣೆ ಅಂದಳಂತೆ. ಆಮೇಲೆ ಕುರಿ ಕಾಯುವವನು ಸಿಕ್ಕಿ, ಅವರಿಗೆ ಮಕ್ಕಳ ನೆನಪೇ ಇರಲ್ಲ ಅಂದನಂತೆ. ಆಮೇಲೆ ಕೋಟೆಯ ಕಾವಲುಗಾರ ಮೀಸೆ ತಿರುವುತ್ತಾ, ಹುಷಾರು ಕೂಸೇ, ಕಚ್ಚುತ್ತಾರೆ, ಹೋದ ವರ್ಷ ಒಬ್ಬಳು ಒಂಬತ್ತೇ ಬೆರಳು ತಗೊಂಡು ಮನೆಗೆ ಹೋದಳು ಅಂದನಂತೆ. ಅಂದು ನಕ್ಕನಂತೆ. ಅಂಥವರು ಎಲ್ಲ ಬಾಗಿಲಲ್ಲೂ ಒಬ್ಬರು ಇರುತ್ತಾರೆ.

ಗೋಡೆಯಲ್ಲಿ ಮೂರು ಕಿಂಡಿ. ಒಳಗೆ ಬರೀ ಕತ್ತಲೆ.

ಮೊದಲನೆಯದಕ್ಕೆ ಕೈ ಹಾಕಿದಳು. ತುಂಬಾ ಹೊತ್ತು ಏನೂ ಇಲ್ಲ. ಆಮೇಲೆ ತಣ್ಣಗಿನ ಎರಡು ಕೈ ಬಂದು ಅವಳ ಕೈ ಹಿಡಿದವಂತೆ. ಚರ್ಮವೆಲ್ಲ ಸುಕ್ಕು. ಅಪ್ಪಾ ಅಂದಳು. ಮಾತಿಲ್ಲ. ಬಿಸಿ ಹನಿಯೊಂದು ಅಂಗೈಗೆ ಬಿತ್ತು. ಆ ಮುದುಕ ತಾನಾಗಿಯೇ ಕೈ ಬಿಟ್ಟನಂತೆ.

ಎರಡನೆಯದಕ್ಕೆ ಹಾಕಿದಳು. ಒಂದು ಕೈ ಗಬಕ್ಕನೆ ಹಿಡಿದು ಎಳೆಯಿತು. ಅವಳ ಕೆನ್ನೆ ಕಲ್ಲಿಗೆ ಒತ್ತಿತು. ಈಗ ಕಚ್ಚುತ್ತಾನೆ ಅಂತ ಕಣ್ಣು ಮುಚ್ಚಿದಳಂತೆ. ಒಳಗಿನಿಂದ ದನಿ ಬಂತು, ರುದ್ರೀ, ಬಂದೆಯಾ ರುದ್ರೀ. ನಾನು ರುದ್ರಿ ಅಲ್ಲ ಮಾವ, ತಿಪ್ಪಿ ಅಂದಳು. ಹಿಡಿತ ಸಡಿಲವಾಯ್ತಂತೆ. ಅವನಿಗೆ ಮಗಳ ನೆನಪು ಚೆನ್ನಾಗೇ ಇತ್ತು, ಅದಕ್ಕೇ ಹಾಗೆ ಹಿಡಿದದ್ದು.

ಮೂರನೆಯದರ ಮುಂದೆ ನಿಂತೇ ಇದ್ದಳಂತೆ. ಕೈ ಮುಷ್ಟಿ ಕಟ್ಟಿಕೊಂಡಿತ್ತು. ಅವತ್ತು ತೋರಿಸಿದ ಬೆರಳೂ ಆ ಕೈಯಲ್ಲೇ ಇತ್ತಲ್ಲ. ಕೊನೆಗೆ ಹಾಕಿದಳು. ಒಳಗಿನ ಕೈ ಕಲ್ಲು ಒಡೆದು ಒಡೆದು ಒರಟಾಗಿತ್ತು, ಬಿರುಕು ಬಿಟ್ಟಿತ್ತು. ಇದು ಅಪ್ಪನ ಕೈ ಅಲ್ಲವೇ ಅಲ್ಲ ಅಂತ ಅವಳು ಇನ್ನೇನು ಎಳೆದುಕೊಳ್ಳಬೇಕು, ಆ ಕೈ ಅವಳ ಮುಷ್ಟಿಯನ್ನ ಮೆಲ್ಲಗೆ ಬಿಡಿಸಿತಂತೆ. ಹೆಬ್ಬೆರಳನ್ನ ಅಂಗೈಯೊಳಗೆ ಮಡಚಿತು. ಕಿರುಬೆರಳ ಬುಡ ಒತ್ತಿತು. ಐದೂ ಬೆರಳನ್ನ ಕೂಡಿಸಿತು. ತೊಡಿಸುವುದಕ್ಕೆ ಬಳೆ ಇರಲಿಲ್ಲ.

ಅಪ್ಪಾ, ಕಣಜ ತೋರಿಸಿದ್ದು ನಾನೇ ಅಂದಳಂತೆ.

ಕೈ ನಿಂತುಬಿಟ್ಟಿತು. ಈಗ ಈ ಕೈ ಬಿಟ್ಟುಬಿಟ್ಟರೆ?

ಆಮೇಲೆ ಸಿದ್ದಯ್ಯ ಹೇಳಿದನಂತೆ, ಗೊತ್ತು ಮಗಾ. ನೀನು ಕಂಡದ್ದನ್ನ ತೋರಿಸಿದೆ. ಹೊಡೆದವನು ನಾನು. ನಾನು ಇಲ್ಲಿರೋದು ಅದಕ್ಕೆ. ಬೆರಳು ಸಡಿಲ ಬಿಡು, ಬಿಗಿ ಹಿಡಿದರೆ ಬಳೆ ಏರಲ್ಲ.

ಇವನು ನಮ್ಮವನು ಅಂದಳಂತೆ ತಿಪ್ಪಿ, ಕಾವಲುಗಾರನಿಗೆ ಕೇಳುವ ಹಾಗೆ.

ಇಲ್ಲ, ಅವತ್ತೇ ಬಿಡಲಿಲ್ಲ. ಹಾಗೆ ಬಿಡುವುದಿಲ್ಲ. ಅವಳು ವರ್ಷಾ ವರ್ಷಾ ಹೋಗುತ್ತಿದ್ದಳಂತೆ. ಅವನು ಕೈ ಒತ್ತಿ ನೋಡಿ, ಒಂದು ಅಳತೆ ದೊಡ್ಡವಳಾಗಿದ್ದೀಯ ಅನ್ನುತ್ತಿದ್ದನಂತೆ. ಬರುವಾಗ ಮಿಕ್ಕ ಎರಡು ಕಿಂಡಿಗೂ ಒಂದೊಂದು ಸಲ ಕೈ ಹಾಕಿ ಬರುತ್ತಿದ್ದಳು. ಹೀಗೇ ಒಂದು ವರ್ಷ ಹೋದರೆ ಅವಳ ಕೈ ಕಿಂಡಿಯಲ್ಲಿ ಹಿಡಿಸಲೇ ಇಲ್ಲವಂತೆ. ಎಷ್ಟು ತಿರುಗಿಸಿದರೂ ಹೋಗದು. ಗೋಡೆಗೆ ಹಣೆ ಹಚ್ಚಿ ಅತ್ತಳು. ಆಗ ಹಿಂದಿನಿಂದ ಯಾರೋ ಅವಳ ಕೈ ಹಿಡಿದು ಹೆಬ್ಬೆರಳನ್ನ ಮಡಚಿದರಂತೆ. ಶಿಕ್ಷೆ ಮುಗಿದು ಅವತ್ತೇ ಬೆಳಿಗ್ಗೆ ಹೊರಗೆ ಬಿಟ್ಟಿದ್ದರು, ಮಗಳು ಬರುತ್ತಾಳೆ ಅಂತ ಅಲ್ಲೇ ಕಾದಿದ್ದನಂತೆ. ಮತ್ತೆ ಮಲಾರ ಹೊತ್ತನಂತೆ, ಕೋಲು ಮಾತ್ರ ಹಿಡಿಯಲಿಲ್ಲ. ತಿಪ್ಪಿ ಮನೆ ಸೇರಿದಳು, ಕತೆಯೂ ಮನೆ ಸೇರಿತು.

ನಾಳೆ ನಾವು ಹೋಗೋ ಜೈಲಲ್ಲಿ ಕಿಂಡಿ ಇಲ್ಲ, ಜಾಲರಿ ಇದೆ. ಮುಖ ಕಾಣುತ್ತೆ. ನಾನು ನೋಡಿಕೊಂಡು ಬಂದಿದ್ದೀನಿ. ನಿಮ್ಮಪ್ಪ ಸ್ವಲ್ಪ ಇಳಿದುಹೋಗಿದ್ದಾನೆ, ಗಡ್ಡ ಬಿಟ್ಟಿದ್ದಾನೆ. ಅಷ್ಟೇ.

ಏನಂದೆ? ಹೊದಿಕೆ ತೆಗೆದು ಹೇಳು.

ಪೊಲೀಸರು ಬಂದಾಗ ಅಟ್ಟದ ಕಡೆ ನೋಡಿದ್ದು ನೀನೇ ಅಂತಾ? ಗೊತ್ತು ಮರಿ. ನಾನೂ ಅಲ್ಲೇ ನಿಂತಿದ್ದೆನಲ್ಲ. ನಿಮ್ಮಪ್ಪನಿಗೂ ಗೊತ್ತು. ಹೋದ ಭಾನುವಾರ ಅವನು ಕೇಳಿದ್ದು ಒಂದೇ ಮಾತು, ಭುವಿ ಊಟ ಸರಿಯಾಗಿ ಮಾಡ್ತಾಳಾ ಅಂತ.

ಎಲ್ಲಿ, ಕೈ ಕೊಡು. ಬೆರಳು ಸಡಿಲ ಬಿಡು.