ಏರಿದ್ದನ್ನು ಇಳಿಸಿದ ಜವರ

ಬನ್ನಿ, ಕೂತ್ಕೊಳ್ಳಿ. ಮೊಬೈಲು ಒಸಿ ಪಕ್ಕಕ್ಕಿಡಿ. ಇದು ಕಿವಿಯ ಕತೆ, ಕಿವಿಕೊಟ್ಟೇ ಕೇಳಬೇಕು.

ನಂಜನಗೂಡಿನ ಬಸ್ ಸ್ಟ್ಯಾಂಡಿನ ಎದುರು ಹೊನ್ನಾಜಮ್ಮ ಅಂತ ಹೂವು ಮಾರುವವಳು ಒಬ್ಬಳಿದ್ದಳು. ದಿನಾ ಮಲ್ಲಿಗೆ, ಕನಕಾಂಬರ. ಮದುವೆ ಕಾಲ ಬಂತೆಂದರೆ ಸೋಬಾನೆ ಪದ. ಸುತ್ತಮುತ್ತಲ ಊರಲ್ಲಿ ಅವಳು ಬಂದು ಹಾಡದೆ ಹೆಣ್ಣು ಒಪ್ಪಿಸುವ ಶಾಸ್ತ್ರ ಮುಗಿಯುತ್ತಿರಲಿಲ್ಲ. ಮುಂದಿನ ಹಲ್ಲೊಂದು ಬಿದ್ದುಹೋಗಿತ್ತು, ‘ಸೋ’ ಅಂದರೆ ಸಣ್ಣಗೆ ಸೀಟಿ ಹೊಡೆದ ಹಾಗೆ ಬರುತ್ತಿತ್ತು. ಜನ ಆ ಸೀಟಿ ಕೇಳಿಯೇ ‘ಹೊನ್ನಾಜಿ ಬಂದಳು’ ಅನ್ನುತ್ತಿದ್ದರು.

ಅವಳಿಗೊಬ್ಬ ಮಗ, ಜವರ. ಆಳು ನೋಡಿದರೆ ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಮೀಸೆ ಬಂದು ಎಷ್ಟೋ ಕಾಲವಾಗಿತ್ತು. ಬುದ್ಧಿ ಮಾತ್ರ ಹೇಳಿದಷ್ಟೇ. ಹೇಳಿದ್ದಕ್ಕಿಂತ ಒಂದು ಕೂದಲು ಹೆಚ್ಚಿಲ್ಲ, ಒಂದು ಕೂದಲು ಕಮ್ಮಿಯಿಲ್ಲ. ಆದರೆ ಕಿವಿ! ಅಬ್ಬಬ್ಬಾ, ಕಿವಿ ಅಂದರೆ ಅದು. ಮೈಸೂರು ಬಸ್ಸು ಇನ್ನೂ ಸೇತುವೆ ಮೇಲಿರುವಾಗಲೇ ಇವತ್ತು ಯಾವ ಡ್ರೈವರು ಅಂತ ಹೇಳಿಬಿಡುತ್ತಿದ್ದ.

ಒಂದು ದಿನ ಹೊನ್ನಾಜಮ್ಮ ಒಲೆ ಮೇಲೆ ಹಾಲಿಟ್ಟು, “ಲೋ ಜವರ, ಹಾಲು ಉಕ್ತದೇನೋ ನೋಡ್ಕೊ,” ಅಂತ ಹೇಳಿ ನೀರಿಗೆ ಹೋದಳು. ಬಂದು ನೋಡಿದರೆ ಒಲೆ ತುಂಬ ಹಾಲು, ಮನೆ ತುಂಬ ಸೀದ ವಾಸನೆ. ಜವರ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದ.

“ಏನ್ಲಾ ಇದು!”

“ಉಕ್ತು ಕನವ್ವ. ಮೊದ್ಲು ಸುಯ್ಯಂತು, ಆಮೇಲೆ ಗುಸುಗುಸು ಅಂತು. ಆಗ್ಲೇ ನಂಗೆ ಗೊತ್ತಾಯ್ತು, ಇನ್ನೊಂದು ಗಳಿಗೇಲಿ ಉಕ್ತದೆ ಅಂತ. ಉಕ್ತು!”

“ಗೊತ್ತಾದ್ಮೇಲೆ ಇಳಿಸ್ಬಾರ್ದೇನೋ?”

“ನೋಡ್ಕೊ ಅಂದೆ. ಇಳ್ಸು ಅಂದ್ಯಾ?”

ಹೊನ್ನಾಜಮ್ಮ ಹಣೆ ಚಚ್ಚಿಕೊಂಡಳು. “ನನ್ ಕರ್ಮವೇ! ಮೇಲಕ್ಕೆ ಏರಿ ಬಂದದ್ದನ್ನ ಇಳಿಸ್ಬೇಕು ಕನ್ಲಾ! ಏರ್ತು ಅಂದ್ರೆ ಇಳ್ಸು! ತಿಳೀತಾ?”

“ತಿಳೀತು ಕನವ್ವ. ಏರಿದ್ರೆ ಇಳ್ಸು.”

ಈಗ ಅವಳ ಸಂಕಟ ಕೇಳಿ. ಮಗಳು ದಾಕ್ಷಾಯಿಣಿಗೆ ಮದುವೆ ಗೊತ್ತಾಗಿತ್ತು. ಊರ ಹೆಣ್ಣುಮಕ್ಕಳನ್ನೆಲ್ಲ ಹಾಡಿ ಕಳಿಸಿಕೊಟ್ಟ ಬಾಯಿ ಅದು. ತನ್ನ ಮಗಳ ಸರದಿ ಬಂದಾಗ ಹಾಡಿನ ನಡುವೆ ಅಳು ಬಂದೇ ಬರುತ್ತದೆ ಅಂತ ಅವಳಿಗೆ ಗೊತ್ತಿತ್ತು. ಅವಳ ತಾಯಿ ಸಾಯುವ ಮುಂಚೆ ಒಂದು ಮಾತು ಹೇಳಿದ್ದಳು: ಒಪ್ಪಿಸುವ ಹೊತ್ತಲ್ಲಿ ಹೆತ್ತವಳ ಅಳು ಹೆಣ್ಣಿನ ಕಿವಿಗೆ ಬಿದ್ದರೆ, ಹೆಣ್ಣು ಗಂಡನ ಮನೆಯಲ್ಲಿ ಕಾಲೂರುವುದಿಲ್ಲ, ತವರಿನ ದಾರಿಯನ್ನೇ ನೋಡುತ್ತಾಳೆ. ಹಾಡಲೇಬೇಕು, ಅಳು ಕೇಳಿಸಕೂಡದು. ಇದನ್ನು ಹೇಗೆ ಮಾಡುವುದು?

ಹೊನ್ನಾಜಮ್ಮ ಹೂವಿನ ಬುಟ್ಟಿ ಪಕ್ಕಕ್ಕಿಟ್ಟು, ಬಳೆ ಅಂಗಡಿ ಪಕ್ಕದ ಮೆಟ್ಟಿಲು ಹತ್ತಿದಳು. ಮೇಲೆ ಪಾಲಾಕ್ಷಪ್ಪನ ಸ್ಟುಡಿಯೊ. ಜಾನಪದ, ಭಜನೆ, ತತ್ವಪದ, ಯಾರೇ ಹಾಡಿದರೂ ಅಲ್ಲಿಯೇ ರೆಕಾರ್ಡು. ಹಾಡಿದ್ದನ್ನು ತಿದ್ದಿ ತೀಡಿ, ಕೇಳುವ ಹಾಗೆ ಮಾಡಿಕೊಡುವುದು ಪಾಲಾಕ್ಷಪ್ಪನ ಕಸುಬು. ಪಾಪ, ವಯಸ್ಸಾಗಿ ಅವನ ಕಿವಿ ಮಂಕಾಗುತ್ತಿತ್ತು.

“ನಿನ್ ಹಾಡನ್ನ ಮೊದ್ಲೇ ರೆಕಾರ್ಡ್ ಮಾಡಿ ಇಟ್ಕೊಳಾಣ ಕನವ್ವ, ಒಪ್ಪಿಸೋ ಹೊತ್ತಲ್ಲಿ ಅದ್ನೇ ಹಾಕಾಣ,” ಅಂದ ಪಾಲಾಕ್ಷಪ್ಪ. “ಆದ್ರೆ ಸಣ್ಣ ಸದ್ದು ನಂಗೆ ಕೇಳಿಸ್ತಾ ಇಲ್ಲ. ನಿನ್ ಮಗನ ಕಿವಿ ಭಾರಿ ಚುರುಕಂತಲ್ಲ, ಕಳ್ಸು. ಅವ್ನು ಕೆಲ್ಸ ಕಲ್ತು ನಿಂತ್ರೆ ನಿನ್ ಹಾಡು ನನ್ ಜವಾಬ್ದಾರಿ.”

ಹೊನ್ನಾಜಮ್ಮನಿಗೆ ಖುಷಿಯೂ ಆಯಿತು, ಭಯವೂ ಆಯಿತು. ಕಿವಿ ಚುರುಕು ಸರಿ, ಮಿಕ್ಕಿದ್ದು?

ಜವರ ಹೋದ. ಪಾಲಾಕ್ಷಪ್ಪ ಕಂಪ್ಯೂಟರ್ ಮುಂದೆ ಕೂರಿಸಿ ತೋರಿಸಿದ. “ನೋಡ್ಲಾ, ಇದು ಕಂಪ್ರೆಸರು. ಕೂಗಿದ್ದನ್ನ ಅದುಮಿ, ಪಿಸುಗುಟ್ಟಿದ್ದನ್ನ ಎತ್ತಿ, ಹಾಡನ್ನ ಒಂದು ಹದಕ್ಕೆ ತರ್ತದೆ. ಈ ಗೀಟು ದಾಟಿ ಏರಿದ್ದನ್ನ ಇದು ಇಳಿಸ್ತದೆ. ಎಷ್ಟು ಇಳಿಸ್ಬೇಕು ಅಂತ ಈ ಗುಂಡೀಲಿ ಹೇಳ್ಬೇಕು.”

ಜವರನ ಮುಖ ಅರಳಿತು. “ಏರಿದ್ರೆ ಇಳ್ಸು! ನಮ್ಮವ್ವಾನೂ ಇದ್ನೇ ಹೇಳೌಳೆ ಕನಣ್ಣ!”

ಅವತ್ತು ಬಂದಿದ್ದು ತಮಟೆ ಕೆಂಚಯ್ಯನ ಹಾಡು. ಕೆಂಚಯ್ಯ ನಡುವೆ ಒಂದು ಕೂಗು ಹಾಕುತ್ತಿದ್ದ, ಆ ಕೂಗಿಗೇ ಜನ ಎದ್ದು ಕುಣಿಯುತ್ತಿದ್ದರು. ಜವರ ಕಿವಿಗೆ ಹೆಡ್‌ಫೋನು ಹಾಕಿಕೊಂಡ. ಕೂಗು ಏರಿತು, ಇಳಿಸಿದ. ತಮಟೆ ಏರಿತು, ಇಳಿಸಿದ. ಕೆಂಚಯ್ಯ ಉಸಿರೆಳೆದಿದ್ದು ಒಂದು ಚೂರು ಮೇಲೆ ಕಂಡಿತು, ಅದನ್ನೂ ಇಳಿಸಿದ. ಕೊನೆಗೆ ಕೂಗು, ತಮಟೆ, ಉಸಿರು ಎಲ್ಲವೂ ಒಂದೇ ಸಮ.

ಕೆಂಚಯ್ಯ ಕೇಳಿಸಿಕೊಂಡು ಎದ್ದು ನಿಂತ. “ನನ್ ಹಾಡಿಗೆ ಇಸ್ತ್ರಿ ಹಾಕ್ಬುಟ್ಯಲ್ಲೋ ಪೆದ್ದ ನನ್ ಮಗನೇ! ನನ್ ಕೂಗೆಲ್ಲಿ?”

“ಏರಿತ್ತು ಕನಣ್ಣ. ಇಳಿಸ್ದೆ!”

ಪಾಲಾಕ್ಷಪ್ಪ ತಲೆ ಮೇಲೆ ಕೈ ಹೊತ್ತುಕೊಂಡ. “ಲೋ, ಎಲ್ಲಾನೂ ಇಳಿಸೋದಲ್ಲ! ಅದುಮಬೇಕು, ಸಾಯಿಸ್ಬಾರ್ದು! ಈ ಕೆಲ್ಸ ಸದ್ಯಕ್ಕೆ ಬುಡು. ಇಗೋ, ಇದು ಡಿ-ಎಸ್ಸರು. ಹಾಡೋರು ‘ಸ’ ‘ಶ’ ಅಂದಾಗ ಚುಸ್ಸಂತ ಸೀಟಿ ಬತ್ತದಲ್ಲ, ಅದನ್ನ ಇದ್ರಲ್ಲಿ ತೆಗಿ.”

“ತಿಳೀತು ಕನಣ್ಣ. ‘ಸ’ ತೆಗಿ, ‘ಶ’ ತೆಗಿ.”

ಮಾರನೆಯ ವಾರ ಭಜನೆ ಶಾಂತಮಲ್ಲಪ್ಪ ತನ್ನ ತಂಡ ಕಟ್ಟಿಕೊಂಡು ಬಂದ. ‘ಶಾಂತಮಲ್ಲಪ್ಪ ಮತ್ತು ಸಂಗಡಿಗರು’ ಅಂತ ಹೆಸರು ಹೇಳಿ, ಶರಣು ಶರಣು ಶಂಭುಲಿಂಗ ಅಂತ ಸೊಗಸಾಗಿ ಹಾಡಿ ಹೋದ. ಜವರ ಕೂತ. ಎಂಥ ಕಿವಿ ಸ್ವಾಮಿ ಅದು! ತಾಳದ ಸದ್ದಿನ ಅಡಿಯಲ್ಲಿ ಅಡಗಿದ್ದ ‘ಸ’ವನ್ನೂ ಹುಡುಕಿ ಹಿಡಿದ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿದ. ಒಂದನ್ನೂ ಬಿಡಲಿಲ್ಲ.

ಶಾಂತಮಲ್ಲಪ್ಪ ತಂಡದ ಸಮೇತ ಬಂದು ಕೇಳಿದ. ಸ್ಪೀಕರಿನಿಂದ ಬಂತು: “ಆಂತಮಲ್ಲಪ್ಪ ಮತ್ತು ಅಂಗಡಿಗರು. ಅರಣು ಅರಣು ಅಂಭುಲಿಂಗಾ...”

“ಅಂಗಡಿಗರು?” ಶಾಂತಮಲ್ಲಪ್ಪನ ಮೀಸೆ ನಡುಗಿತು. “ನಾವೇನು ಅಂಗಡಿ ಇಟ್ಟಿದ್ದೀವೇನ್ಲಾ? ಶಂಭುಲಿಂಗನ ಗತಿ ಏನ್ ಮಾಡಿದ್ಯೋ, ಪಾಪಿ!”

“ಸೀಟಿ ಒಂದೂ ಇಲ್ಲ ಕನಣ್ಣ, ಬೇಕಾದ್ರೆ ಹುಡುಕ್ಕೊಳಿ!” ಅಂದ ಜವರ ಹೆಮ್ಮೆಯಿಂದ.

ಪಾಲಾಕ್ಷಪ್ಪ ಆ ಹಾಡನ್ನು ತಾನೇ ಕೂತು ಸರಿಮಾಡಿಕೊಟ್ಟ. ಆಮೇಲೆ ಜವರನನ್ನು ಎದುರಿಗೆ ನಿಲ್ಲಿಸಿಕೊಂಡ. “ಅಯ್ಯೋ ಮಂಕೇ! ‘ಸ’ ಅನ್ನೋದು ಸಾರಿನ ಉಪ್ಪಿದ್ದಂಗೆ. ಒಸಿ ಇರ್ಲೇಬೇಕು. ನಿನ್ ಕಿವಿಗೆ ಎಲ್ಲಿ ನೋಯ್ತದೋ ಅಲ್ಲಿ ಮಾತ್ರ ಇಳ್ಸು. ಕಿವಿಗೆ ನೋವಾಗ್ಬೇಕು, ಆಗ ಇಳ್ಸು. ಗೊತ್ತಾಯ್ತಾ?”

“ಗೊತ್ತಾಯ್ತು ಕನಣ್ಣ. ಕಿವಿಗೆ ನೋಯೋದನ್ನ ಇಳ್ಸು.”

ಆಮೇಲೆ ಬಂದವರು ಅಕ್ಕಿ ಗಿರಣಿ ಚಿಕ್ಕಲಿಂಗಯ್ಯನವರು. ದೊಡ್ಡ ಮನುಷ್ಯರು, ಒಳ್ಳೆಯ ಮನಸ್ಸು, ಹಾಡಿನ ಹುಚ್ಚು. ಶ್ರುತಿ ಒಂದು ದಾರಿ, ಅವರೊಂದು ದಾರಿ. ಕಣ್ಣು ಮುಚ್ಚಿಕೊಂಡು ಭಾವ ತುಂಬಿ ಹಾಡಿದರು. ಜವರ ಹೆಡ್‌ಫೋನು ಹಾಕಿಕೊಂಡ. ಮೊದಲ ಸಾಲಿಗೇ ಕಿವಿ ನೊಂದಿತು, ಇಳಿಸಿದ. ಎರಡನೆಯ ಸಾಲಿಗೆ ಇನ್ನೂ ನೊಂದಿತು, ಇನ್ನೂ ಇಳಿಸಿದ. ಹೀಗೇ ಕೊನೆಯವರೆಗೂ.

ಚಿಕ್ಕಲಿಂಗಯ್ಯನವರು ಹೆಂಡತಿ, ನೆಂಟರು, ಗಿರಣಿ ಆಳುಗಳನ್ನೆಲ್ಲ ಕೂರಿಸಿಕೊಂಡು ಹಾಡು ಹಾಕಿದರು. ಸದ್ದಿಲ್ಲ. ಸೌಂಡು ಏರಿಸಿದರು. ಸದ್ದಿಲ್ಲ. ಪೂರ್ತಿ ಏರಿಸಿದರು. ಎಷ್ಟೋ ಹೊತ್ತಾದ ಮೇಲೆ ಗಿರಣಿ ಅದುರುವ ಹಾಗೆ ಒಂದು ಕೆಮ್ಮು ಬಂತು. ಅಲ್ಲಿಗೆ ಮುಗಿಯಿತು.

ಚಿಕ್ಕಲಿಂಗಯ್ಯನವರು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. “ಎಲ್ಲಯ್ಯಾ ನನ್ ಹಾಡು?”

“ಬರೀ ನೋಯ್ತಿತ್ತು ಕನ್ ಸಾವ್ಕಾರ್ರೆ. ಇಳಿಸ್ದೆ!” ಅಂದ ಜವರ. “ಕೊನೇಲಿ ಕೆಮ್ಮಿದ್ರಲ್ಲ, ಅದು ಬೋ ಪಸಂದಾಗಿತ್ತು. ಅದನ್ನ ಬುಟ್ಟಿವ್ನಿ.”

ಸಾವ್ಕಾರರ ಹಿಂದೆಯೇ ಬಂದಿದ್ದ ಅವರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿ ನಿಂತರು. ಅವರ ಭುಜ ಕುಲುಕುತ್ತಿತ್ತು.

ಪಾಲಾಕ್ಷಪ್ಪನಿಗೆ ರೇಗಿಹೋಯಿತು. “ಲೋ ದಡ್ಡ ಶಿಖಾಮಣಿ! ಹಾಡಿದವರಿಗೆ ಏನು ಬೇಕೋ ಅದನ್ನ ಕೇಳಿ ಮಾಡ್ಬೇಕು ಕನ್ಲಾ! ತೆಗೆಯಕ್ಕಾಗದ ಸದ್ದಿದ್ರೆ ಅದ್ರ ಮೇಲೆ ಇನ್ನೊಂದು ದೊಡ್ಡ ಸದ್ದು ಹಾಕಿ ಮುಚ್ಬೇಕು! ಹಾರ್ಮೋನಿಯಂ ಹಾಕು, ಡೋಲು ಹಾಕು, ಏನಾದ್ರೂ ಹಾಕು! ಇನ್ನೊಂದು ಸಲ ಹಿಂಗೆ ಮಾಡಿದ್ರೆ ಮೆಟ್ಲು ಇಳ್ದು ಹೊಂಟೋಗು!”

“ಆಯ್ತು ಕನಣ್ಣ. ಹಾಡಿದವರನ್ನ ಕೇಳು. ತೆಗೆಯಕ್ಕಾಗದಿದ್ರೆ ಮೇಲೆ ದೊಡ್ಡ ಸದ್ದು ಹಾಕು.”

ಇಷ್ಟೆಲ್ಲ ಕೆಳಗೆ ಹೂವು ಕಟ್ಟುತ್ತಿದ್ದ ಹೊನ್ನಾಜಮ್ಮನಿಗೂ ಕೇಳಿಸಿತು. ಮದುವೆ ಹತ್ತಿರ ಬಂದಿತ್ತು. ಕಣ್ಣೊರೆಸಿಕೊಂಡು ಮೇಲೆ ಬಂದಳು. “ಪಾಲಾಕ್ಷಪ್ಪಾ, ಅವ್ನ ಕಳಿಸೋ ಮುಂಚೆ ನನ್ ಹಾಡೊಂದು ಮಾಡ್ಕೊಟ್ಬುಡಪ್ಪ.”

“ನಾನೇ ಕೂತು ಮಾಡ್ತೀನಿ ಕನವ್ವ. ಇವ್ನು ಮುಟ್ಟಿದ್ರೆ ಕೆಡಿಸ್ಬುಡ್ತಾನೆ.”

ಹೊನ್ನಾಜಮ್ಮ ಮಗನ ಮುಖ ನೋಡಿದಳು. ಅವನು ಆಗಲೇ ಅವಳ ಉಸಿರಿಗೇ ಕಿವಿಗೊಟ್ಟು ನಿಂತಿದ್ದ. “ಬ್ಯಾಡಪ್ಪ,” ಅಂದಳು. “ಅವ್ನೇ ಮಾಡ್ಲಿ. ಕೆಟ್ರೆ ನನ್ ಹಾಡು ತಾನೆ.”

ಹಾಡಿದಳು. ಮೊದಲು ಚೆನ್ನಾಗಿಯೇ ಹಾಡಿದಳು. ಮಗಳ ಹೆಸರು ಬರುವ ಕಡೆ ದನಿ ಒಡೆಯಿತು, ಬಿಕ್ಕಿದಳು. ಆದರೂ ನಿಲ್ಲಿಸದೆ ಕೊನೆ ಮುಟ್ಟಿಸಿದಳು.

ಜವರ ಹೇಳಿಸಿಕೊಂಡಂತೆಯೇ ಕೇಳಿದ. “ನಿಂಗೇನು ಬೇಕವ್ವ?”

“ನಾ ಅತ್ತದ್ದು ಯಾರಿಗೂ ಕೇಳಿಸ್ಬಾರ್ದು ಮಗ. ಅಷ್ಟೇ.”

“ಅಷ್ಟೇನಾ?”

“ಅಷ್ಟೇ.”

ಜವರ ಬೆಳಗ್ಗೆ ಕೂತವನು ಊಟಕ್ಕೂ ಏಳಲಿಲ್ಲ. ಇಷ್ಟು ದಿನ ತಿಂದ ಬೈಗುಳವೆಲ್ಲ ಅವತ್ತು ಒಂದೊಂದಾಗಿ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು ನೋಡಿ! ಅವ್ವನ ದನಿ ಏರಿದ ಕಡೆ ಇಳಿಸಿದ, ಸಾಯಿಸಲಿಲ್ಲ. ಗೊಣಗಿದ ಕಡೆ ಮೆಲ್ಲಗೆ ಎತ್ತಿದ. ಬಿಕ್ಕಿದ ಕಡೆ ಎಷ್ಟು ಬೇಕೋ ಅಷ್ಟೇ ತೆಗೆದ, ಉಸಿರು ತೆಗೆದುಕೊಂಡಳೇನೋ ಅನ್ನಿಸಬೇಕು, ಹಾಗೆ. ಹಲ್ಲಿನ ಸಂದಿನ ಸೀಟಿಗೆ ಬಂದಾಗ ಕೈ ನಿಲ್ಲಿಸಿದ.

“ಅದನ್ನ ಪೂರಾ ತೆಗಿಯಲ್ವೇನ್ಲಾ?” ಅಂದ ಪಾಲಾಕ್ಷಪ್ಪ.

“ಇದು ನೋಯಕಿಲ್ಲ ಕನಣ್ಣ. ಇದು ನಮ್ಮವ್ವ.”

ಸಂಜೆ ಪಾಲಾಕ್ಷಪ್ಪ ಹೆಡ್‌ಫೋನು ಹಾಕಿಕೊಂಡು ಪೂರ್ತಿ ಕೇಳಿದ. ಮಂಕಾದ ಕಿವಿಯಲ್ಲೂ ಹೊನ್ನಾಜಮ್ಮ ಪಕ್ಕದಲ್ಲೇ ಕೂತು ಹಾಡಿದ ಹಾಗಿತ್ತು. ಹೆಡ್‌ಫೋನು ತೆಗೆದು ಜವರನ ಬೆನ್ನ ಮೇಲೆ ಕೈಯಿಟ್ಟ. “ಇಂಥ ಕೆಲ್ಸ ನನ್ ಕೈಲಿ ಆಗ್ತಿರ್ಲಿಲ್ಲ ಕನ್ಲಾ. ನೀ ಎಲ್ಲೂ ಹೋಗ್ಬ್ಯಾಡ. ನಾಳೆಯಿಂದ ಈ ಕುರ್ಚಿ ನಿಂದು.” ಕತೆ ಹೇಳುವ ನನಗೂ ಜವರನ ಕಿವಿಗೆ ಕೈಮುಗಿಯಬೇಕು ಅನ್ನಿಸುತ್ತದೆ.

ಮದುವೆ ಬಂತು. ಮಂಟಪದಲ್ಲಿ ಎರಡು ದೊಡ್ಡ ಸ್ಪೀಕರು, ಪಕ್ಕದಲ್ಲಿ ಜವರ, ಕೈಯಲ್ಲಿ ಮೈಕು. ಹೆಣ್ಣು ಒಪ್ಪಿಸುವ ಹೊತ್ತು. ಹೊನ್ನಾಜಮ್ಮ ಮಗಳ ಕೈ ಹಿಡಿದು ಅಳಿಯನ ಕೈಗಿಟ್ಟಳು. ಜವರ ಹಾಡು ಹಾಕಿದ. “ಸೋಬಾನೆ...” ಆ ಸಣ್ಣ ಸೀಟಿ ಮಂಟಪ ತುಂಬಿತು. ಬೀಗರು ಕೂಡ ತಲೆದೂಗಿದರು. ದಾಕ್ಷಾಯಿಣಿ ಕಣ್ಣು ತುಂಬಿಕೊಂಡು, ಆದರೆ ಗಟ್ಟಿಯಾಗಿ, ಬಾಗಿಲ ಕಡೆ ಹೆಜ್ಜೆಯಿಟ್ಟಳು. ಹೊನ್ನಾಜಮ್ಮ ಸೆರಗು ಬಾಯಿಗಿಟ್ಟು ತಡೆದುಕೊಂಡಳು.

ಹೆಣ್ಣು ಹೊಸ್ತಿಲ ಹತ್ತಿರ ಬಂದಾಗ ಹೊನ್ನಾಜಮ್ಮನ ಗಂಟಲಲ್ಲಿ ಒಂದು ಸಣ್ಣ ಸದ್ದು ಹುಟ್ಟಿತು. ಯಾರಿಗೂ ಕೇಳಿಸಲಿಲ್ಲ. ಜವರನಿಗೆ ಕೇಳಿಸಿತು. ಹಾಲಿನ ಹಾಗೆ ಮೊದಲು ಸುಯ್ಯಂತು, ಆಮೇಲೆ ಗುಸುಗುಸು ಅಂತು. ಇನ್ನೊಂದು ಗಳಿಗೆಯಲ್ಲಿ ಉಕ್ಕುತ್ತದೆ ಅಂತ ಅವನಿಗೆ ಗೊತ್ತಾಯಿತು. ಅವ್ವ ಹೇಳಿದ್ದೇನು? ನಾ ಅತ್ತದ್ದು ಯಾರಿಗೂ ಕೇಳಿಸಬಾರದು! ಇಳಿಸೋಣ ಅಂದರೆ ಅವ್ವನಿಗೆ ಗುಂಡಿಯಿಲ್ಲ. ತೆಗೆಯೋಕೆ ಆಗಲ್ಲ. ತೆಗೆಯೋಕೆ ಆಗದಿದ್ದರೆ?

ಜವರ ಮೈಕು ಬಾಯಿಗಿಟ್ಟುಕೊಂಡು, ಎದೆ ತುಂಬ ಉಸಿರೆಳೆದು, ಹೋ ಅಂತ ಅಳಲು ಶುರುಮಾಡಿದ.

ಅಯ್ಯಯ್ಯೋ, ಅದೇನು ಅಳು! ಎರಡು ಸ್ಪೀಕರೂ ಗಡಗಡ ಅಂದವು. ಅಡುಗೆಯವನು ಸೌಟು ಹಿಡಿದುಕೊಂಡೇ ಓಡಿಬಂದ. ಬೀಗರ ಕಡೆಯ ಅಜ್ಜಿ, “ಯಾರು ಹೋಗ್ಬುಟ್ರು?” ಅಂತ ಎದೆ ಹಿಡಿದುಕೊಂಡಳು. ಓಲಗದವರು ಇದೂ ಒಂದು ಶಾಸ್ತ್ರವೇನೋ ಅಂದುಕೊಂಡು ಅವನ ಶ್ರುತಿಗೆ ಸರಿಯಾಗಿ ಊದಿದರು. ಹೊಸ್ತಿಲ ಮೇಲೆ ನಿಂತಿದ್ದ ದಾಕ್ಷಾಯಿಣಿ ತಿರುಗಿ ಅಣ್ಣನನ್ನು ನೋಡಿದಳು. ಆರಡಿ ಆಳು, ಮೀಸೆ ಒದ್ದೆ ಮಾಡಿಕೊಂಡು, ಮೈಕಿನಲ್ಲಿ ಅಳುತ್ತಿದ್ದ! ಅವಳಿಗೆ ಕಿಸಕ್ಕಂತ ನಗು ಬಂತು. ನಗುನಗುತ್ತಲೇ ಹೊಸ್ತಿಲು ದಾಟಿದಳು, ನಗುನಗುತ್ತಲೇ ಜೀಪು ಹತ್ತಿದಳು.

ಜೀಪು ಹೋಯಿತು. ಹೊನ್ನಾಜಮ್ಮ ಓಡಿಬಂದು ಮಗನ ಬೆನ್ನಿಗೆ ಗುದ್ದಿದಳು. “ಮಾನ ಕಳದ್ಯಲ್ಲೋ ಪೆದ್ದ ಮುಂಡೇದೇ! ಏನ್ಲಾ ನಿನ್ ರೋಗ?”

ಜವರ ಮೈಕು ಪಕ್ಕಕ್ಕೆ ಸರಿಸಿದ. “ನೀ ಅತ್ತದ್ದು ಯಾರಿಗಾರ ಕೇಳಿಸ್ತಾ ಅವ್ವ?”

ಹೊನ್ನಾಜಮ್ಮ ಎತ್ತಿದ ಕೈ ಹಾಗೇ ನಿಲ್ಲಿಸಿದಳು. ಆ ಗಲಾಟೆಯಲ್ಲಿ ಅವಳು ಗೊಳೋ ಅಂತ ಅತ್ತಿದ್ದಳು, ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಹೋಗುವ ಹಾಗೆ ಅತ್ತಿದ್ದಳು. ಪಕ್ಕದಲ್ಲಿ ನಿಂತವರಿಗೂ ತಿಳಿದಿರಲಿಲ್ಲ.

“ಇಲ್ಲ ಕನ್ ಮಗ,” ಅಂದಳು ಮೆತ್ತಗೆ. ಸೆರಗಿನಿಂದ ಅವನ ಮುಖ ಒರೆಸಿದಳು. “ಆಯ್ತು, ಇನ್ನು ನಿಲ್ಸು.”

ಜವರ ತಲೆ ವಾರೆ ಮಾಡಿ ಒಂದು ಗಳಿಗೆ ಕಿವಿಗೊಟ್ಟ. ಜೀಪು ಸೇತುವೆ ದಾಟಿತ್ತು. ಅವ್ವನ ಕಣ್ಣು ಒಣಗಿತ್ತು, ತುಟಿಯಲ್ಲಿ ನಗುವೂ ಇತ್ತು.

“ನೀ ಮೊದ್ಲು ನಿಲ್ಸವ್ವ,” ಅಂದ. “ಒಳಗೆ ಇನ್ನೂ ಅಳ್ತಾ ಇದ್ದೀಯ, ನಂಗೆ ಕೇಳಿಸ್ತಾ ಅದೆ.”

ಅಂದವನೇ ಮತ್ತೆ ಮೈಕು ಬಾಯಿಗಿಟ್ಟುಕೊಂಡ.