ಹದಿನಾಲ್ಕನೇ ಪ್ರಶ್ನೆಯ ಎರಡು ಅಂಕ

ಬಯಲುಸೀಮೆಯ ಒಂದು ಜಿಲ್ಲೆಯಲ್ಲಿ ಪ್ರತಿವರ್ಷ ಹೈಸ್ಕೂಲು ಮಕ್ಕಳಿಗೆ ಒಂದು ವಿಜ್ಞಾನ ಪರೀಕ್ಷೆ ನಡೆಯುತ್ತಿತ್ತು. ಐವತ್ತು ಅಂಕದ ಪರೀಕ್ಷೆ. ಮುಂದೆ ಬಂದ ಮೂವತ್ತು ಮಕ್ಕಳನ್ನು ಬೇಸಿಗೆ ರಜೆಯಲ್ಲಿ ದೊಡ್ಡ ದೂರದರ್ಶಕವಿರುವ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಹತ್ತು ದಿನ ಅಲ್ಲೇ ಊಟ, ಅಲ್ಲೇ ಪಾಠ. ಆ ಆಸೆಗೆ ಎಲ್ಲೆಲ್ಲಿಯ ಮಕ್ಕಳೋ ಬಸ್ಸು ಹತ್ತಿ ಬಂದು ಪರೀಕ್ಷೆ ಬರೆಯುತ್ತಿದ್ದರು.

ಉತ್ತರ ಪತ್ರಿಕೆ ತಿದ್ದಲು ಬಂದವರಲ್ಲಿ ಓಬಳಮ್ಮ ಟೀಚರ್ ಒಬ್ಬರು. ಇಪ್ಪತ್ತಾರು ವರ್ಷದಿಂದ ವಿಜ್ಞಾನ ಹೇಳಿಕೊಡುತ್ತಿದ್ದವರು. ಅವರ ಕೈ ಬಲು ಚುರುಕು. ಉಳಿದವರು ಒಂದು ಕಟ್ಟು ಮುಗಿಸುವಷ್ಟರಲ್ಲಿ ಅವರು ಎರಡು ಮುಗಿಸಿ ದಾರ ಕಟ್ಟಿ ಕೊಟ್ಟುಬಿಡುತ್ತಿದ್ದರು. ಅದು ಅವರಿಗೆ ಒಳಗೊಳಗೇ ಹೆಮ್ಮೆ.

ಆ ದಿನ ಬೆಳಿಗ್ಗೆ ಮುಖ್ಯ ಪರೀಕ್ಷಕರಾದ ತಿಪ್ಪೇಸ್ವಾಮಿಯವರು ಎಲ್ಲರ ಕೈಗೂ ಕೀ ಉತ್ತರದ ಹಾಳೆ ಕೊಟ್ಟು ಹೇಳಿದ್ದರು: "ಇದರಲ್ಲಿ ಏನಿದೆಯೋ ಅದೇ. ಇದರ ಮೇಲೆ ಯಾರೂ ತಲೆ ಓಡಿಸಬೇಡಿ. ಸಂಜೆಯೊಳಗೆ ಸಾವಿರದ ಎಂಟುನೂರು ಪತ್ರಿಕೆ ಮುಗೀಬೇಕು."

ಹದಿನಾಲ್ಕನೇ ಪ್ರಶ್ನೆ ಹೀಗಿತ್ತು. 'ಸರಿಯೋ ತಪ್ಪೋ ತಿಳಿಸಿ, ಕಾರಣ ಕೊಡಿ: ಭೂಮಿಯನ್ನು ಬಿಟ್ಟರೆ ಜೀವಿಗಳ ವಾಸಕ್ಕೆ ಯೋಗ್ಯವಾದ ಗ್ರಹ ಬೇರೆಲ್ಲೂ ಇಲ್ಲ.' ಎರಡು ಅಂಕ. ಕೀ ಉತ್ತರದಲ್ಲಿ 'ಸರಿ' ಎಂದಿತ್ತು. ಅದರ ಕೆಳಗೇ ಒಂದು ಸಾಲು: 'ತಪ್ಪು ಎಂದು ಬರೆದಿದ್ದರೆ ಸೊನ್ನೆ. ಕಾರಣ ನೋಡಬೇಕಾಗಿಲ್ಲ.'

ನೋಡಬೇಕಾಗಿಲ್ಲ ಅಂದಮೇಲೆ ಓಬಳಮ್ಮ ಟೀಚರ್ ನೋಡಲಿಲ್ಲ. 'ಸರಿ' ಕಂಡಲ್ಲಿ ಕಾರಣ ಓದಿ ಅಂಕ ಕೊಟ್ಟರು. 'ತಪ್ಪು' ಕಂಡಲ್ಲಿ ಸರ್ರನೆ ಸೊನ್ನೆ ಸುತ್ತಿದರು. ಹನ್ನೊಂದು ಗಂಟೆಗೆ ಎರಡು ಕಟ್ಟು ಮುಗಿದವು.

ಮೂರನೇ ಕಟ್ಟಿನಲ್ಲಿ ಒಂದು ಪತ್ರಿಕೆ. ಅಕ್ಷರ ದಪ್ಪದಪ್ಪ, ಕಾಗುಣಿತದ ತಪ್ಪು ಬೇಕಾದಷ್ಟು. ಹದಿನಾಲ್ಕಕ್ಕೆ 'ತಪ್ಪು' ಎಂದು ಬರೆದಿತ್ತು ಆ ಮಗು. ಟೀಚರ್ ಸೊನ್ನೆ ಸುತ್ತಿಯೂ ಆಯಿತು. ಹಾಳೆ ಮಗುಚಬೇಕು, ಅಷ್ಟರಲ್ಲಿ ಫ್ಯಾನಿನ ಗಾಳಿಗೆ ಅದು ಮತ್ತೆ ಹಿಂದಕ್ಕೆ ಬಿತ್ತು. ಕಣ್ಣು ಕೆಳಗಿನ ಸಾಲುಗಳ ಮೇಲೆ ಹೋಯಿತು.

'ಬೇರೆ ನಕ್ಶತ್ರಗಳ ಸುತ್ತಲೂ ಸಾವಿರಾರು ಗ್ರಹ ಸಿಕ್ಕಿವೆ. ಅದರಲ್ಲಿ ಕೆಲವು ತಮ್ಮ ನಕ್ಶತ್ರಕ್ಕೆ ತೀರ ಹತ್ತಿರವೂ ಇಲ್ಲ ತೀರ ದೂರವೂ ಇಲ್ಲ. ಅಲ್ಲಿ ನೀರು ನೀರಾಗಿಯೇ ಇರಬಹುದು. ಜೀವ ಇದೆ ಅಂತ ನಾನು ಹೇಳುವುದಿಲ್ಲ. ಯಾರೂ ಹೋಗಿ ನೋಡಿಲ್ಲ. ಆದರೆ ನೋಡದೆ ಇಲ್ಲ ಅನ್ನುವುದು ತಪ್ಪು.'

ಓಬಳಮ್ಮ ಟೀಚರ್ ಅದನ್ನು ಎರಡು ಸಲ ಓದಿದರು. ಆಮೇಲೆ ಪಕ್ಕದಲ್ಲಿ ಕೂತಿದ್ದ ಫಕ್ರುದ್ದೀನ್ ಮೇಷ್ಟರ ಕಡೆ ಪತ್ರಿಕೆ ತಳ್ಳಿದರು. "ಇದನ್ನ ಓದಿ ಸಾರ್. ಏನು ತಪ್ಪಿದೆ ಹೇಳಿ."

ಮೇಷ್ಟರು ಕನ್ನಡಕ ಸರಿಮಾಡಿಕೊಂಡು ಓದಿದರು. "ನಕ್ಷತ್ರಕ್ಕೆ ಷಕಾರ ಇಲ್ಲ."

"ಅದು ಬಿಟ್ಟು?"

"ಅದು ಬಿಟ್ಟರೆ ಏನೂ ತಪ್ಪಿಲ್ಲ. ಪೇಪರಲ್ಲೂ ಬಂದಿತ್ತಲ್ಲ, ಅಂಥ ಗ್ರಹಗಳು ಸಿಕ್ಕಿದ್ದು. ಆದ್ರೆ ಕೀಯಲ್ಲಿ ಸರಿ ಅಂತ ಇದೆಯಲ್ಲ ಟೀಚರ್, ನಾವೇನು ಮಾಡೋಕಾಗುತ್ತೆ?"

ಆಗ ಓಬಳಮ್ಮ ಟೀಚರ್‌ಗೆ ಬೆಳಗಿನ ಎರಡು ಕಟ್ಟು ನೆನಪಾದವು. ಅವುಗಳಲ್ಲಿ ಎಷ್ಟು ಮಕ್ಕಳು 'ತಪ್ಪು' ಎಂದು ಬರೆದಿದ್ದರೋ. ಒಬ್ಬರದೂ ಕಾರಣ ಓದಿರಲಿಲ್ಲ. ಈ ಮಗು ನೋಡದೆ ಇಲ್ಲ ಅನ್ನಬಾರದು ಅಂತ ಬರೆದಿದೆ, ನಾನು ನೋಡದೆಯೇ ಸೊನ್ನೆ ಹಾಕಿದ್ದೇನೆ. ಹೀಗೆ ಅನ್ನಿಸಿದ್ದೇ ತಡ, ಪತ್ರಿಕೆ ಹಿಡಿದು ಎದ್ದರು.

ತಿಪ್ಪೇಸ್ವಾಮಿಯವರು ಉತ್ತರ ಓದಿದರು. ಮುಖ ಸ್ವಲ್ಪ ಬಿಗಿಯಾಯಿತು.

"ಎಷ್ಟು ಬಂದಿದೆ ಈ ಮಗುಗೆ? ಎರಡು ಅಂಕ ಸಿಕ್ಕರೆ ಮೂವತ್ತರೊಳಗೆ ಬರುತ್ತೇನು?"

"ನಾನಿನ್ನೂ ಕೂಡಿಸಿಲ್ಲ ಸಾರ್. ಕೂಡಿಸಿದ ಮೇಲೆ ಉತ್ತರ ಸರಿಯಾಗುತ್ತಾ?"

ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ನೋಡಿ ಟೀಚರ್, ಈ ಮಗುಗೆ ಎರಡು ಅಂಕ ಕೊಟ್ಟುಬಿಡಿ. ನಾನು ನೋಡಿಲ್ಲ ಅಂತ ಇರ್ತೀನಿ. ಇಲ್ಲಿಗೆ ಬಿಡಿ."

"ಉಳಿದ ಮಕ್ಕಳು? ನಾನು ಕಟ್ಟಿಕೊಟ್ಟಿರೋ ಎರಡು ಕಟ್ಟು? ಬೇರೆಯವರ ಮೇಜಿನ ಮೇಲಿರೋವು?"

"ಅದನ್ನೆಲ್ಲ ಬಿಚ್ಚೋಕೆ ಟೈಮೆಲ್ಲಿದೆ?"

"ಈ ಮಗುಗೆ ಕೊಟ್ಟು ಆ ಮಕ್ಕಳಿಗೆ ಕೊಡದಿದ್ರೆ ಇದು ಅಂಕ ಅಲ್ಲ ಸಾರ್, ದಯೆ. ಅವರು ದಯೆ ಕೇಳಿಲ್ಲ. ಸರಿ ಉತ್ತರ ಬರೆದಿದ್ದಾರೆ."

ಕೋಣೆಯಲ್ಲಿ ಹಾಳೆ ಮಗುಚುವ ಸದ್ದು ನಿಂತಿತು. ಎಲ್ಲರ ಕಿವಿಯೂ ಇತ್ತಲೇ.

ತಿಪ್ಪೇಸ್ವಾಮಿಯವರು ಈಗ ಜೋರಾಗಿಯೇ ಹೇಳಿದರು. "ಕೊಟ್ಟ ಕಟ್ಟು ಬಿಚ್ಚಬೇಕಾದ್ರೆ ನಿಯಮ ಇದೆ. ಪರೀಕ್ಷಕರ ತಪ್ಪಿನಿಂದ ಬಿಚ್ಚಿದ್ದು ಅಂತ ನೀವೇ ಬರೆದು ಸಹಿ ಹಾಕಬೇಕು. ಅದು ಮೇಲಕ್ಕೆ ಹೋಗುತ್ತೆ. ಮುಂದಿನ ವರ್ಷದಿಂದ ನಿಮ್ಮನ್ನ ಕರೆಯೋದಿಲ್ಲ. ಇಷ್ಟು ವರ್ಷ ಒಂದು ಕಪ್ಪು ಗೆರೆ ಇಲ್ಲ ನಿಮ್ಮ ಹೆಸರಿಗೆ. ಯೋಚನೆ ಮಾಡಿ."

"ಬರೀತೀನಿ. ನನ್ನ ತಪ್ಪೇ ತಾನೆ."

"ಬರೆದರೂ ಕೀ ಬದಲಾಗೋದಿಲ್ಲ! ಕೀ ಬದಲಾಗದೆ ಕಟ್ಟು ಬಿಚ್ಚಿ ಏನು ಮಾಡ್ತೀರಿ? ಆ ಪ್ರಶ್ನೆ ಯಾರು ತೆಗೆದದ್ದು ಗೊತ್ತಾ ನಿಮಗೆ?"

"ಯಾರು ಸಾರ್?"

ತಿಪ್ಪೇಸ್ವಾಮಿಯವರು ಪತ್ರಿಕೆಯನ್ನು ಟೀಚರ್ ಕೈಗೆ ವಾಪಸು ಕೊಟ್ಟರು. "ನಾನು."

ಮೂಲೆಯಲ್ಲಿ ಯಾರೋ ಕೆಮ್ಮಿದರು. ಓಬಳಮ್ಮ ಟೀಚರ್ ನಗಲಿಲ್ಲ, ಹೆದರಲೂ ಇಲ್ಲ. "ಹಾಗಾದ್ರೆ ಇನ್ನೂ ಸುಲಭ ಆಯ್ತು. ಬದಲಾಯಿಸೋಕೆ ಬೇರೆ ಯಾರನ್ನೂ ಕೇಳಬೇಕಾಗಿಲ್ಲ."

"ಹೋಗಿ ಕೂತು ಕೆಲಸ ಮಾಡಿ. ಇಲ್ಲ, ಮನೆಗೆ ಹೋಗಿ."

ಟೀಚರ್ ಮನೆಗೆ ಹೋಗಲಿಲ್ಲ. ತಮ್ಮ ಜಾಗಕ್ಕೆ ಬಂದು ಕೂತರು. ಪೆನ್ನಿಗೆ ಮುಚ್ಚಳ ಹಾಕಿದರು. ಮೂರನೇ ಕಟ್ಟನ್ನು ಎದುರಿಗಿಟ್ಟುಕೊಂಡು ಅದರ ಮೇಲೆ ಎರಡೂ ಕೈ ಇಟ್ಟರು. "ಉತ್ತರ ಓದಬಾರದು ಅನ್ನೋ ಕಡೆ ನಾನು ತಿದ್ದೋದಿಲ್ಲ ಸಾರ್" ಎಂದರು.

ಅರ್ಧ ಗಂಟೆ ಹಾಗೇ ಹೋಯಿತು. ಎದುರಿನ ಮೇಜಿನ ಯುವಕರೊಬ್ಬರು, "ಇವರಿಂದ ನಮಗೆಲ್ಲ ಐದೂವರೆ ಬಸ್ಸು ತಪ್ಪುತ್ತೆ" ಎಂದು ಗೊಣಗಿದರು. ಇನ್ನೊಬ್ಬರು ತಲೆ ಎತ್ತದೆ ಇನ್ನೂ ಬೇಗ ಬೇಗ ತಿದ್ದತೊಡಗಿದರು. ಅವರನ್ನೆಲ್ಲ ನೋಡಿ ಟೀಚರ್‌ಗೆ ಅಳುಕಾಯಿತು. ಒಂದು ಮಗುವಿನ ನಾಲ್ಕು ಸಾಲಿಗೆ ಇಷ್ಟೆಲ್ಲ ಬೇಕಿತ್ತೇ? ಆ ಮಗುವಿನ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಪತ್ರಿಕೆಯ ಮೇಲಿರುವುದು ಬರೀ ಒಂದು ನಂಬರು. ಆದರೂ ಕೈ ಪೆನ್ನಿನ ಕಡೆ ಹೋಗಲಿಲ್ಲ.

ಆಗ ಫಕ್ರುದ್ದೀನ್ ಮೇಷ್ಟರು ತಮ್ಮ ಕಟ್ಟಿನಿಂದ ಎರಡು ಪತ್ರಿಕೆ ಎಳೆದರು. ಎದ್ದು ಹೋಗಿ ಅವನ್ನು ತಿಪ್ಪೇಸ್ವಾಮಿಯವರ ಮುಂದಿಟ್ಟರು. "ನಾನೂ ಓದದೆ ಸೊನ್ನೆ ಹಾಕಿದ್ದೆ ಸಾರ್. ಈಗ ಓದಿದೆ. ಒಂದರಲ್ಲಿ ಬರೀ ತಪ್ಪು ಅಂತಿದೆ, ಕಾರಣ ಇಲ್ಲ. ಅದು ಬಿಡಿ. ಇನ್ನೊಂದು ಮಗು ಮಾತ್ರ, ಗ್ರಹ ಅಡ್ಡ ಬಂದಾಗ ನಕ್ಷತ್ರದ ಬೆಳಕು ಒಂದಿಷ್ಟು ಕಮ್ಮಿಯಾಗುತ್ತೆ, ಹಾಗೆ ಕಂಡುಹಿಡೀತಾರೆ ಅಂತ ಚಿತ್ರ ಬರೆದು ತೋರಿಸಿದೆ. ನನಗೆ ನಾಚಿಕೆ ಆಯ್ತು."

ತಿಪ್ಪೇಸ್ವಾಮಿಯವರು ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಅವರೇನು ಕೆಟ್ಟವರಲ್ಲ. ಹನ್ನೆರಡು ವರ್ಷದ ಹಿಂದೆ ತೆಗೆದ ಪ್ರಶ್ನೆಯನ್ನೇ ಈ ವರ್ಷವೂ ಹಾಕಿದ್ದರು, ಅಷ್ಟೆ. ಆಕಾಶದಲ್ಲಿ ಏನೇನು ಸಿಕ್ಕಿತು ಎಂದು ಆಮೇಲೆ ನೋಡಿರಲಿಲ್ಲ. ಊಟಕ್ಕೆ ಎಲ್ಲರೂ ಎದ್ದಾಗ ಅವರು ಏಳಲಿಲ್ಲ. ಊಟ ಮುಗಿಸಿ ಬಂದವರಿಗೆ ಕರಿಹಲಗೆಯ ಮೇಲೆ ಅವರ ಅಕ್ಷರ ಕಂಡಿತು: 'ಪ್ರಶ್ನೆ 14: ಸರಿ ಇರಲಿ, ತಪ್ಪು ಇರಲಿ, ಕಾರಣ ಓದಿ ಅಂಕ ಕೊಡುವುದು. ಕಟ್ಟಿದ ಕಟ್ಟುಗಳನ್ನೂ ಬಿಚ್ಚುವುದು.'

ಬರೆದಾದ ಮೇಲೆ ಅವರು ಓಬಳಮ್ಮ ಟೀಚರ್ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟು ಹೋಗಿರಲಿಲ್ಲ. "ಸಹಿ ಮಾತ್ರ ಹಾಕಲೇಬೇಕು ನೀವು."

"ಕೊಡಿ" ಎಂದರು ಟೀಚರ್. 'ಉತ್ತರ ಓದದೆ ಸೊನ್ನೆ ಹಾಕಿದ್ದೇನೆ' ಎಂದು ಬರೆದು, ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದರು.

ಅವರ ಎರಡು ಕಟ್ಟಿನಲ್ಲಿ 'ತಪ್ಪು' ಎಂದು ಬರೆದವರು ಹದಿನೇಳು ಮಕ್ಕಳು. ಒಂದು ಮಗು, ಚಂದ್ರನ ಮೇಲೆ ಈಗಾಗಲೇ ಜನ ಮನೆ ಕಟ್ಟಿಕೊಂಡಿದ್ದಾರೆ ಎಂದು ಬರೆದಿತ್ತು. ಅದರ ಸೊನ್ನೆ ಹಾಗೇ ಉಳಿಯಿತು. ಹಲವರು ಕಾರಣದ ಜಾಗ ಖಾಲಿ ಬಿಟ್ಟಿದ್ದರು. ನಾಲ್ಕು ಮಕ್ಕಳು ಮಾತ್ರ ತಿಳಿದು ಬರೆದಿದ್ದರು. ಆ ನಾಲ್ವರ ಸೊನ್ನೆ ಹೊಡೆದುಹಾಕಿ ಟೀಚರ್ ಎರಡೆರಡು ಅಂಕ ಕೊಟ್ಟರು, ಪ್ರತಿಯೊಂದರ ಪಕ್ಕದಲ್ಲೂ ಸಹಿ ಹಾಕಿದರು. ಮೂರನೇ ಕಟ್ಟಿನ ಆ ದಪ್ಪ ಅಕ್ಷರದ ಮಗುವಿಗೂ ಕೊಟ್ಟರು. ಬಸ್ಸು ಎಲ್ಲರಿಗೂ ತಪ್ಪಿತು.

ಆ ಮಗು ಬೆಟ್ಟಕ್ಕೆ ಹೋಯಿತೋ ಇಲ್ಲವೋ, ಓಬಳಮ್ಮ ಟೀಚರ್‌ಗೆ ಕೊನೆಗೂ ತಿಳಿಯಲಿಲ್ಲ. ತಿಪ್ಪೇಸ್ವಾಮಿಯವರ ಮಾತು ಸುಳ್ಳಾಗಲಿಲ್ಲ. ಮುಂದಿನ ವರ್ಷ ತಿದ್ದುವವರ ಪಟ್ಟಿಯಲ್ಲಿ ಟೀಚರ್ ಹೆಸರು ಇರಲಿಲ್ಲ.

ಪತ್ರಿಕೆ ತಿದ್ದಿದ ಆ ವರ್ಷವೇ ಜೂನ್ ತಿಂಗಳಲ್ಲಿ ಶಾಲೆ ಶುರುವಾಯಿತು. ಸೌರಮಂಡಲದ ಪಾಠದ ದಿನ ಟೀಚರ್ ತಾವು ವರ್ಷಗಟ್ಟಲೆ ಬರೆಸುತ್ತಿದ್ದ ನೋಟ್ಸು ತೆಗೆದರು. 'ವಾಸಯೋಗ್ಯ ಗ್ರಹ ಭೂಮಿ ಮಾತ್ರ' ಎಂದು ಅದರಲ್ಲಿತ್ತು. ಮಕ್ಕಳೆದುರೇ ಅದನ್ನು ಹೊಡೆದುಹಾಕಿ ಬೇರೆ ಬರೆಸಿದರು: 'ಜೀವ ಇದೆಯೆಂದು ನಮಗೆ ಗೊತ್ತಿರುವುದು ಇಲ್ಲಿಯವರೆಗೆ ಭೂಮಿಯಲ್ಲಿ ಮಾತ್ರ. ವಾಸಯೋಗ್ಯವಾಗಿರಬಹುದಾದ ಗ್ರಹಗಳು ಬೇರೆ ಸೂರ್ಯರ ಸುತ್ತ ಸಿಗುತ್ತಿವೆ. ಹುಡುಕಾಟ ನಡೆದಿದೆ.'

ಮುಂದಿನ ಸಾಲಿನಲ್ಲಿದ್ದ ಬೋರಕ್ಕ ಎಂಬ ಹುಡುಗಿ ಎದ್ದು ನಿಂತಳು. "ಟೀಚರ್, ಪರೀಕ್ಷೇಲಿ ಹಿಂಗೇ ಬರೆದ್ರೆ ಮಾರ್ಕ್ಸ್ ಕಿತ್ಕೊಂಡ್ರೆ?"

"ಓದಿ ನೋಡಿ ಕಿತ್ಕೊಂಡ್ರೆ ನಿನ್ನ ತಪ್ಪೇನು ಅಂತ ಕೇಳಿ ತಿಳ್ಕೋ" ಎಂದರು ಓಬಳಮ್ಮ ಟೀಚರ್. "ಓದದೆ ಕಿತ್ಕೊಂಡ್ರೆ ನನಗೆ ಬಂದು ಹೇಳು. ಇಬ್ಬರೂ ಹೋಗಿ ಜಗಳ ಆಡೋಣ."

ನೀತಿ: ಮಕ್ಕಳೇ, 'ಗೊತ್ತಿಲ್ಲ' ಎನ್ನಬೇಕಾದ ಕಡೆ 'ಇಲ್ಲ' ಎನ್ನಬೇಡಿ. ಹಾಗೆ ಅಂದುಬಿಟ್ಟಿದ್ದರೆ, ತಿಳಿದ ದಿನವೇ ಮೊದಲು ನಿಮ್ಮ ಕೈಯಿಂದ ಆದ ತಪ್ಪನ್ನು ಹೆಸರು ಬರೆದು ಒಪ್ಪಿಕೊಳ್ಳಿ. ಆಮೇಲೆ ಸತ್ಯದ ಪರವಾಗಿ ಕೂತ ಜಾಗದಿಂದ ಯಾರು ಎಬ್ಬಿಸಿದರೂ ಏಳಬೇಡಿ.